ಸೊನ್ನೆ ಸೊನ್ನೆ ಎರಡು

"ಇದು ನಮ್ಮ ಪೋರಿ ಕಾಗದ ಅಲ್ರೀ ಅಕ್ಕಾರ," ಎಂದ ರೇವಣಸಿದ್ದ.

ಠಾಣೆ ಜಿಲ್ಲೆಯ ಕಲ್ಯಾಣದ ಗೋದಾಮಿನ ಬಾಗಿಲಲ್ಲಿ ನಿಂತು ವಾರಿಜಾ ಸಾಮಗ ಆ ಶಾಲಾ ವರ್ಗಾವಣೆ ಪತ್ರವನ್ನು ಬೆಳಕಿಗೆ ಹಿಡಿದಳು. ಬೆಳಗಿನ ಹತ್ತೂವರೆಯಾಗಿತ್ತು. ಅವಳ ಬೆನ್ನ ಹಿಂದೆ ಛಾವಣಿಯ ತನಕ ಕಂದು ಪೆಟ್ಟಿಗೆಗಳು. ಪಾರಸಿಕ ವಿಶ್ವವಿದ್ಯಾಲಯಕ್ಕೆ ಈ ವರ್ಷ ಅರ್ಜಿ ಹಾಕಿದ ನಲವತ್ತು ಸಾವಿರ ಮಕ್ಕಳ ಕಾಗದಪತ್ರಗಳೆಲ್ಲ ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಏರಿದ ಮೇಲೆ ಇಲ್ಲಿಗೆ ಬಂದು ಮಲಗಿದ್ದವು. ನಾಲ್ಕು ದಿನದ ಅಲೆದಾಟ ಕೊನೆಗೂ ಅವಳನ್ನು ಎಪ್ಪತ್ತೊಂದನೆಯ ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿತ್ತು.

"ಅಲ್ಲ ಅಂತ ಹೇಗೆ ಹೇಳ್ತೀರಿ?"

"ಮಡಿಕಿ ಎಲ್ಯದ್ರೀ? ಐದು ವರ್ಷ ಟ್ರಂಕಿನಾಗ ನಾಕು ಮಡಿಕಿ ಮಾಡಿ ಇಟ್ಟಿದ್ದೆ. ಮಡಿಚಿದಲ್ಲಿ ಹರದಿತ್ತಂತ ಹಿಂದ ಟೇಪ್ ಹಚ್ಚಿದ್ದೆ. ಇದು ನೋಡ್ರಿ, ನಿನ್ನೆ ಅಂಗಡಿಯಿಂದ ತಂದಂಗ ಅದ."

ಕಾಗದ ನಿಜಕ್ಕೂ ನುಣ್ಣಗಿತ್ತು. ಆದರೆ ಇಲ್ಲದ ಮಡಿಕೆಗೆ ಯಾವ ಸಮಿತಿಯೂ ಸಾಕ್ಷಿಯ ಬೆಲೆ ಕೊಡುವುದಿಲ್ಲ ಎಂಬುದು ವಾರಿಜಾಳಿಗೆ ಗೊತ್ತಿತ್ತು.

ರೇವಣಸಿದ್ದನ ಮಗಳು ಸುಲೋಚನಾ ಪಕ್ಕದಲ್ಲೇ ಮೊಣಕಾಲೂರಿ ಪೆಟ್ಟಿಗೆಯ ಉಳಿದ ಕಾಗದ ತಿರುವುತ್ತಿದ್ದಳು. ಕಳವಾ ಎಂಬ ಊರಿನ ಒಂದೇ ಕೋಣೆಯ ಮನೆಯಲ್ಲಿ ಓದಿ ಫಿಸಿಯೋಥೆರಪಿ ಪದವಿಗೆ ಮೊದಲ ಪಟ್ಟಿಯಲ್ಲೇ ಸೀಟು ಗಿಟ್ಟಿಸಿಕೊಂಡ ಹುಡುಗಿ. ಕಲಬುರಗಿಯಿಂದ ಬಂದು ಇಪ್ಪತ್ತೈದು ವರ್ಷ ಮೂಟೆ ಹೊತ್ತ ಅಪ್ಪ ಈಗ ಬೆಳಿಗ್ಗೆ ಗೋಡೆ ಹಿಡಿದು ಏಳುತ್ತಾನೆ. ಆ ಬೆನ್ನನ್ನು ನೋಡಿಯೇ ಅವಳು ಆ ವಿದ್ಯೆ ಆರಿಸಿಕೊಂಡಿದ್ದಳು.

ಅಷ್ಟರಲ್ಲಿ ನೋಟಿಸು ಬಂತು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹುಟ್ಟಿದ ವರ್ಷ 2007, ಊರಿನ ಶಾಲೆಯ ವರ್ಗಾವಣೆ ಪತ್ರದಲ್ಲಿ 2006. ಆದ್ದರಿಂದ ಪತ್ರ ನಕಲಿ, ಆದ್ದರಿಂದ ಸೀಟು ರದ್ದು, ಮೂರು ವರ್ಷ ಎಲ್ಲೂ ಪ್ರವೇಶವಿಲ್ಲ. ಆಕ್ಷೇಪವಿದ್ದರೆ ಇವತ್ತು ಸಂಜೆ ಐದರೊಳಗೆ ಸಾಬೀತುಪಡಿಸಬೇಕು. ಐದು ಗಂಟೆ ಒಂದು ನಿಮಿಷಕ್ಕೆ ಯಂತ್ರ ತಾನಾಗಿಯೇ ಆ ಸೀಟನ್ನು ಕಾಯುವ ಪಟ್ಟಿಯ ಮುಂದಿನವರಿಗೆ ಕೊಟ್ಟುಬಿಡುತ್ತದೆ.

ಊರಿನ ಹೆಡ್ಮಾಸ್ತರು ಶಾಲೆಯ ರಿಜಿಸ್ಟರಿನ ಫೋಟೋ ಕಳಿಸಿದ್ದರು. ಅದರಲ್ಲಿ ವರ್ಷ ಸರಿಯಾಗಿಯೇ ಇತ್ತು. ಪ್ರವೇಶ ಸಮಿತಿ ಒಪ್ಪಲಿಲ್ಲ. ಶಾಲೆಯ ಪುಸ್ತಕದಲ್ಲಿ ಏನೇ ಇರಲಿ, ನೀವು ನಮಗೆ ಕೊಟ್ಟ ಕಾಗದ ಸುಳ್ಳು, ಕೊಟ್ಟವರು ನೀವೇ ಎಂದುಬಿಟ್ಟಿತು.

ವಾರಿಜಾ ಆ ವಿಶ್ವವಿದ್ಯಾಲಯಕ್ಕೆ ಹೊಸಬಳಲ್ಲ. ಇಪ್ಪತ್ತಾರು ವರ್ಷ ಅದರ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವಳು. ಸ್ಕ್ಯಾನರುಗಳು ಬಂದ ದಿನ ಉಳಿದ ಗುಮಾಸ್ತರು ಹೊಟ್ಟೆಗೆ ಕಲ್ಲು ಬಿತ್ತೆಂದು ಮುಖ ಬಾಡಿಸಿಕೊಂಡರೆ ಇವಳು ಪೇಢೆ ಹಂಚಿದ್ದಳು, ಇನ್ನಾದರೂ ಕೆಮ್ಮು ಹೋಗುತ್ತದಲ್ಲ ಎಂದು. ಆಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು, ಠಾಣೆಯ ನೌಪಾಡಾದಲ್ಲಿ ಅಣ್ಣ ಪುಂಡರೀಕಾಕ್ಷನ ಹೋಟೆಲಿನ ಮಾಳಿಗೆಯಲ್ಲಿ ಒಂದು ಮೇಜು ಹಾಕಿ ಕುಳಿತಳು. ಜನರು ಕಳೆದುಕೊಂಡ ಕಾಗದ ಹುಡುಕಿಕೊಡುವುದು ಕಸುಬು. ಕಾಗದಕ್ಕೆ ಒಡ್ಡಿದ ಬಲೆಗೆ ಮನುಷ್ಯರೂ ಬೀಳತೊಡಗಿದ್ದರಿಂದ ಪತ್ತೇದಾರಿಣಿ ಎಂಬ ಹೆಸರೂ ಬಂತು.

ಹೋಟೆಲಿಗೆ ಅಕ್ಕಿಮೂಟೆ ಇಳಿಸಲು ಬರುವ ರೇವಣಸಿದ್ದ ಒಂದು ದಿನ ಮೂಟೆ ಇಳಿಸಿ ಹೊರಗೆ ಹೋಗದೆ ಮಾಳಿಗೆ ಹತ್ತಿ ಬಂದ. ಕೇಸು ಬಂದದ್ದು ಹಾಗೆ. ಅಣ್ಣನಿಗೆ ಮಾತ್ರ ಇದು ಇಷ್ಟವಿರಲಿಲ್ಲ. "ಆ ಯೂನಿವರ್ಸಿಟಿಯ ಉಸಾಬರಿ ನಿನಗೆಂತಕ್ಕೆ? ಬಿಟ್ಟು ಬಂದಾಯಿತಲ್ಲ," ಎಂದು ಇವತ್ತು ಬೆಳಿಗ್ಗೆಯೂ ಕಾಫಿ ಕಳಿಸುವಾಗ ಫೋನಿನಲ್ಲೇ ಗೊಣಗಿದ್ದ. ತನ್ನ ರಕ್ತದೊತ್ತಡದ ಚಿಂತೆ ಅವನಿಗೆ ಎಂದುಕೊಂಡು ಅವಳು ನಕ್ಕು ಸುಮ್ಮನಾಗಿದ್ದಳು.

"ಮಾವಶಿ, ಇಲ್ಲಿ ನೋಡ್ರಿ," ಎಂದಳು ಸುಲೋಚನಾ; ಚಿಕ್ಕಮ್ಮ ಎಂಬುದಕ್ಕೆ ಅವಳು ಇಲ್ಲಿ ಕಲಿತ ಮಾತು ಅದು. "ನನ್ನ ನಂಬರೂ ಬ್ಯಾರೆ ಹಾಕ್ಯಾರ. ರಿಜಿಸ್ಟರಿನಾಗ ನನ್ನದು ನೂರಾ ಹದಿನೇಳು. ಇಲ್ಲಿ ಸೊನ್ನಿ ಸೊನ್ನಿ ಎರಡು ಅದ."

ವಾರಿಜಾ ನೋಡಿದಳು. ದಾಖಲಾತಿ ಸಂಖ್ಯೆ ಎಂಬಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ೦೦೨ ಎಂದು ಬರೆದಿತ್ತು. ಅವಳು ಜನ್ಮದಲ್ಲಿ ಸಾವಿರಾರು ವರ್ಗಾವಣೆ ಪತ್ರ ನೋಡಿದ್ದಾಳೆ. ಎರಡು ಎಂದು ಬರೆಯಲು ಮುಂದೆ ಎರಡು ಸೊನ್ನೆ ಹಚ್ಚುವಷ್ಟು ಪುರುಸೊತ್ತಿರುವ ಹೆಡ್ಮಾಸ್ತರನ್ನು ಕಂಡಿರಲಿಲ್ಲ.

ವರ್ಷ ತಿದ್ದಿದ್ದು ಸೀಟು ಕೆಡಿಸಲಿಕ್ಕೆ, ಸರಿ. ಆದರೆ ನಂಬರು ತಿದ್ದಿ ಯಾರಿಗೆ ಏನು ಸಿಗುತ್ತದೆ?

ಯೋಚನೆ ಮುಂದೆ ಹೋಗದಿದ್ದಾಗ ಅವಳು ಕೈಗೆ ಹಳೆಯ ಕೆಲಸ ಕೊಡುತ್ತಿದ್ದಳು. ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗಡೆ ಒಂದು ಪಟ್ಟಿ ಅಂಟಿಸಿರುತ್ತದೆ. ಸ್ಕ್ಯಾನ್ ಮಾಡುವಾಗ ಆಪರೇಟರು ಕಾಗದ ನೋಡಿ ಹೆಸರು, ನಂಬರು ಟೈಪು ಮಾಡುತ್ತಾನೆ. ಅದೇ ಮುದ್ರಣವಾಗಿ ಇಲ್ಲಿಗೆ ಬರುತ್ತದೆ. ಪಟ್ಟಿಗೂ ಕಾಗದಕ್ಕೂ ತಾಳೆ ನೋಡುವುದು ಇಪ್ಪತ್ತಾರು ವರ್ಷ ಅವಳ ಬೆಳಗಿನ ಜಪವಾಗಿತ್ತು. ಎಪ್ಪತ್ತೊಂದರಲ್ಲಿ ಇದ್ದದ್ದು ಕನ್ನಡ ಶಾಲೆಗಳ ಪತ್ರಗಳು ಮಾತ್ರ, ಒಟ್ಟು ಹನ್ನೊಂದು.

"ಒಂದೊಂದೇ ಓದು ಮಗಾ," ಎಂದಳು.

"ಮೊದಲನೇದು ನೂರಾ ನಲವತ್ತೇಳು."

ಪಟ್ಟಿಯಲ್ಲಿ 042 ಎಂದಿತ್ತು.

"ಎರಡನೇದು ನಲವತ್ತೊಂದು."

ಪಟ್ಟಿಯಲ್ಲಿ 40.

"ಇದು ಇನ್ನೂರಾ ಹದಿನೇಳು."

202. ವಾರಿಜಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಟೈಪು ಮಾಡಿದವನಿಗೆ ಕುಡಿತದ ಚಟವೋ ಏನೋ ಅಂದುಕೊಳ್ಳುವಷ್ಟರಲ್ಲಿ ಸುಲೋಚನಾ ಕಾಗದ ಕೆಳಗಿಟ್ಟು ನಗತೊಡಗಿದಳು. ನಾಲ್ಕು ದಿನದಲ್ಲಿ ಆ ಹುಡುಗಿ ನಕ್ಕದ್ದು ಅದೇ ಮೊದಲು.

"ನಾ ಎಂಟನೇತ್ತೆಗೆ ಇಲ್ಲಿ ಸಾಲಿಗೆ ಬಂದಾಗ ಹಿಂಗೇ ಆಗಿತ್ತು ಮಾವಶಿ. ಗಣಿತದ ಪೇಪರಿನಾಗ ರೂಢಿ ಮ್ಯಾಲ ನಮ್ಮ ಅಂಕಿ ಬರದಿದ್ದೆ. ಹದಿನೇಳು ಅಂತ ಬರದ್ರ ಟೀಚರ್ ಝೀರೋ ಟೂ ಅಂತ ಓದಿ ಕಾಟು ಹೊಡದ್ರು. ನಮ್ಮ ಒಂದು ಅವ್ರಿಗಿ ಸೊನ್ನಿ ಕಾಣಿಸ್ತದ. ನಮ್ಮ ಏಳು ಇಂಗ್ಲಿಷಿನ ಎರಡರಂಗ ಕಾಣಿಸ್ತದ."

ವಾರಿಜಾ ನೆಲದ ಮೇಲೆಯೇ ಕುಳಿತುಬಿಟ್ಟಳು. ಬೆರಳಿನಿಂದ ಧೂಳಿನಲ್ಲಿ ೧೧೭ ಎಂದು ಬರೆದಳು. ಪಕ್ಕದಲ್ಲಿ 002 ಎಂದು ಬರೆದಳು. ಹನ್ನೊಂದು ಕಾಗದಗಳನ್ನೂ ಮುಗಿಸಿದಾಗ ಅವಳ ಎದೆ ಡವಡವ ಎನ್ನುತ್ತಿತ್ತು. ಅದು ರಕ್ತದೊತ್ತಡವಲ್ಲ, ಸಂತೋಷ.

"ರೇವಣಸಿದ್ದ, ಈ ಪಟ್ಟಿಯಲ್ಲಿ ಹತ್ತು ನಂಬರು ತಪ್ಪುಂಟು. ಓದಲಿಕ್ಕೆ ಬಾರದವನು ಟೈಪು ಮಾಡಿದ್ದಾನೆ. ಹನ್ನೊಂದರಲ್ಲಿ ಒಂದೇ ಒಂದು ಕಾಗದ ಪಟ್ಟಿಗೆ ಸರಿಯಾಗಿ ತಾಳೆ ಬೀಳ್ತದೆ. ಯಾವುದು ಹೇಳಿ ನೋಡುವ."

"ನಮ್ಮ ಪೋರಿದೇನ್ರಿ?"

"ನಿಮ್ಮ ಪೋರಿಯದೇ."

ರೇವಣಸಿದ್ದನಿಗೆ ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ತಿಳಿಯಲಿಲ್ಲ. ಮಗಳಿಗೆ ತಿಳಿದಿತ್ತು. ಅವಳು ಅಪ್ಪನ ಕೈ ಹಿಡಿದುಕೊಂಡು, "ಕಾಗದ ನೋಡಿ ಪಟ್ಟಿ ಮಾಡಿಲ್ಲಪ್ಪ, ಪಟ್ಟಿ ನೋಡಿ ಈ ಕಾಗದ ಮಾಡ್ಯಾರ," ಎಂದಳು.

ವಾರಿಜಾ ಕೂಡಲೇ ಸಂಜನಾಗೆ ಫೋನು ಹಚ್ಚಿದಳು. ವಿಶ್ವವಿದ್ಯಾಲಯದ ಐರೋಲಿ ಕಚೇರಿಯಲ್ಲಿ ಈ ಇಡೀ ಡಿಜಿಟಲ್ ವ್ಯವಸ್ಥೆ ನೋಡಿಕೊಳ್ಳುವವಳು ಸಂಜನಾ. ಅಪ್ಪ ಅಮ್ಮ ಉಡುಪಿಯವರು, ಇವಳು ಠಾಣೆಯಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ ಬರುತ್ತದೆ. ನಿನ್ನೆಯ ತನಕ ವಾರಿಜಾಳ ಅನುಮಾನವೆಲ್ಲ ಇವಳ ಮೇಲೆಯೇ ಇತ್ತು.

"ಆ ಕಾಗದದ ಮೊದಲಿನ ಸ್ಕ್ಯಾನ್ ಚಿತ್ರ ಸಿಗ್ತದಾ ಸಂಜನಾ?"

"ನಹೀ ಮೌಶಿ. ತೀನ್ ಜುಲೈ ಕೋ ರೀಸ್ಕ್ಯಾನ್ ಹುವಾ. ಪುರಾನಾ ಇಮೇಜ್ ಡಿಲೀಟ್ ಹೋ ಜಾತಾ ಹೈ."

"ಜುಲೈ ಮೂರಕ್ಕೆ ಮತ್ತೆ ಸ್ಕ್ಯಾನ್ ಮಾಡಿ ಹಳೆಯ ಚಿತ್ರ ಅಳಿಸಿದರೆ ಮತ್ತೆ ಎಂತ ಉಳೀತದೆ?"

"ಸ್ಕೋರ್ ರೆಹ್ತಾ ಹೈ. ಹರ್ ಇಮೇಜ್ ಕೋ ಮಷೀನ್ ಮಾರ್ಕ್ಸ್ ದೇತೀ ಹೈ, ಕಿತ್ನಾ ಸಾಫ್ ಹೈ." ಕೀಲಿಗಳ ಸದ್ದು. "ಪೆಹಲೀ ಬಾರ್ ಕಾ ಸ್ಕೋರ್... ಅಠಾನ್ವೇ. ಸೌ ಮೇಂ ಸೇ." ಚಿತ್ರ ಎಷ್ಟು ಸ್ಪಷ್ಟ ಎಂದು ಯಂತ್ರ ಕೊಡುವ ಅಂಕ ಅದು. ನೂರಕ್ಕೆ ತೊಂಬತ್ತೆಂಟು ಬಂದ ಚಿತ್ರವನ್ನು ಮಸುಕೆಂದು ಮತ್ತೆ ಸ್ಕ್ಯಾನ್ ಮಾಡಿಸುವವರು ಯಾರೂ ಇಲ್ಲ.

"ಪೆಟ್ಟಿಗೆಯನ್ನು ಐರೋಲಿಗೆ ತರಿಸಲಿಕ್ಕೆ ಆರ್ಡರ್ ಹಾಕು. ಸೀಲು ಹಾಕಿಯೇ ಬರಬೇಕು."

ಆರ್ಡರ್ ಹತ್ತು ನಿಮಿಷದಲ್ಲಿ ಗೋದಾಮಿಗೆ ಬಂತು. ಆದರೆ ಪೆಟ್ಟಿಗೆ ಸಾಗಿಸಬೇಕಾದದ್ದು ಸ್ಕ್ಯಾನಿಂಗ್ ಗುತ್ತಿಗೆದಾರ ಕುಶಲನ ಟೆಂಪೋ. ಪಟ್ಟಿ ಮಾಡಿದವರೂ ಅವನ ಕಡೆಯವರೇ; ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟಂತೆ. ವಾರಿಜಾ ರೇವಣಸಿದ್ದನ ಮುಖ ನೋಡಿದಳು. ಅವನು ಏನೂ ಕೇಳದೆ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಟೆಂಪೋದ ಹಿಂದೆ ಇಟ್ಟು, ಅದರ ಮೇಲೆಯೇ ಕುಳಿತ.

"ಇಪ್ಪತ್ತೈದು ವರ್ಷದಾಗ ಒಂದು ನಗ, ಒಂದು ಮೂಟಿ ಕಳದಿಲ್ರೀ," ಎಂದ. "ನೀವು ಟ್ರೇನಿಗೆ ನಡೀರಿ."

ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿಗೆ ಕಾಯುವಾಗ ವಾರಿಜಾ ಫೋನು ನೋಡಿದಳು. ಅಣ್ಣನ ಮೂರು ಮಿಸ್ಡ್ ಕಾಲು. ಊಟಕ್ಕೆ ಬರುವೆಯೋ ಎಂದು ಕೇಳಲಿಕ್ಕಿರಬೇಕು. ಗಾಡಿ ಬಂದದ್ದರಿಂದ ಫೋನನ್ನು ಚೀಲಕ್ಕೆ ಹಾಕಿದಳು.

ಉಪಕುಲಸಚಿವ ಅಂಬಾದಾಸರ ಕೋಣೆಯ ಗಡಿಯಾರದಲ್ಲಿ ನಾಲ್ಕು ಗಂಟೆ. ವಿಜಯಪುರದ ಕಡೆಯ ಮನುಷ್ಯ. ನಿಯಮದ ಪುಸ್ತಕವನ್ನು ಬಿಟ್ಟು ಉಸಿರಾಡಲಾರರು ಎಂದು ಕಚೇರಿಯಲ್ಲಿ ಹೆಸರು. ಸುಲೋಚನಾಳ ನೋಟಿಸಿಗೆ ಸಹಿ ಹಾಕಿದವರೂ ಅವರೇ. ಬಾಗಿಲು ಹಾಕಿಸಿ, ತಮ್ಮ ಕೈಯಾರೆ ಪೆಟ್ಟಿಗೆಯ ಸೀಲು ಒಡೆದರು. ರೇವಣಸಿದ್ದ ಗೋಡೆಗೆ ಒರಗಿ ನಿಂತಿದ್ದ, ಪಕ್ಕದಲ್ಲಿ ಸುಲೋಚನಾ. ಸಂಜನಾ ಲ್ಯಾಪ್‌ಟಾಪ್ ತೆರೆದು ಮೇಜಿನ ತುದಿಯಲ್ಲಿ ಕುಳಿತಿದ್ದಳು.

ಕುಶಲ ತಡವಾಗಿ ಬಂದ, ನಗುತ್ತಲೇ ಬಂದ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು, ಮೂವತ್ತೈದರ ಪ್ರಾಯ, ಇಸ್ತ್ರಿ ಮುರಿಯದ ಅಂಗಿ. "ವಾರಿಜಕ್ಕ, ನಮಸ್ಕಾರ. ಊರಿನ ಕಡೆಯವರನ್ನು ನೋಡಿದ್ರೆ ನನಗೆ ಭಾರೀ ಖುಷಿ ಆಗ್ತದೆ."

"ನನಗೂ ಹಾಗೆಯೇ. ಕೂತುಕೊಳ್ಳಿ."

"ಮ್ಯಾಟರ್ ಎಂತ ಇಲ್ಲ ಸರ್," ಎಂದ ಅವನು ಅಂಬಾದಾಸರಿಗೆ. "ಅವರು ಕೊಟ್ಟ ಕಾಗದ ಇದೇ. ಮೊದಲ ಸ್ಕ್ಯಾನ್ ಬ್ಲರ್ ಇತ್ತು, ರೀಸ್ಕ್ಯಾನ್ ಮಾಡಿದೆವು. ರೂಟೀನ್."

"ಸ್ಕೋರ್ ಅಠಾನ್ವೇ ಥಾ," ಎಂದಳು ಸಂಜನಾ ತಲೆಯೆತ್ತದೆ.

ಕುಶಲ ಭುಜ ಕುಣಿಸಿದ. "ಮಷೀನ್ ಅಲ್ಲವಾ, ಒಮ್ಮೊಮ್ಮೆ ತಪ್ಪುತ್ತದೆ."

ವಾರಿಜಾ ಆ ಜಗಳಕ್ಕೆ ಹೋಗಲಿಲ್ಲ. "ಈ ಕನ್ನಡ ಕಾಗದಗಳ ಪಟ್ಟಿ ಟೈಪು ಮಾಡಿದ್ದು ಯಾರು?"

"ಪ್ರಥಮ ಅಂತ ನಮ್ಮ ಆಪರೇಟರ್. ಅಗ್ರಿಮೆಂಟಿನಲ್ಲೇ ಉಂಟಲ್ಲ, ಕನ್ನಡ ಓದುವವನೇ ಬೇಕು ಅಂತ. ಈಗ ಅವ ಊರಿಗೆ ಹೋಗಿದ್ದಾನೆ."

"ಪಾಪ. ತಪ್ಪೇನಾದರೂ ಮಾಡಿರಬಹುದಾ ಅವನು?"

"ಇಲ್ಲ ಇಲ್ಲ. ಲೈನ್ ಟು ಲೈನ್ ನಾನೇ ಚೆಕ್ ಮಾಡಿದ್ದೇನೆ. ನನಗೆ ಕನ್ನಡ ಬರ್ತದಲ್ಲ."

"ಬರ್ತದೆ, ಚಂದವಾಗಿ ಬರ್ತದೆ," ಎಂದಳು ವಾರಿಜಾ. ಪೆಟ್ಟಿಗೆಯಿಂದ ಮೊದಲ ಪತ್ರ ತೆಗೆದು ಅವನ ಮುಂದೆ ಹಿಡಿದಳು. "ಹಾಗಾದರೆ ಇದರ ನಂಬರು ಸ್ವಲ್ಪ ಓದಿ ಹೇಳಿ ಮಾರಾಯ್ರೆ. ನನ್ನ ಕನ್ನಡಕ ಮನೆಯಲ್ಲೇ ಉಳಿಯಿತು."

ಕನ್ನಡಕ ಅವಳ ತಲೆಯ ಮೇಲೆಯೇ ಇತ್ತು. ಸಂಜನಾ ಅದನ್ನು ನೋಡಿ ಬಾಯಿ ಮುಚ್ಚಿಕೊಂಡಳು. ಕುಶಲನ ಕಣ್ಣು ಕಾಗದದ ಮೇಲಿತ್ತು.

"ಝೀರೋ, ಫೋರ್, ಟೂ," ಎಂದ.

ಅಂಬಾದಾಸರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಏನಂದ್ರಿ? ಮತ್ತೊಮ್ಮೆ ಓದ್ರಿ."

"ಝೀರೋ ಫೋರ್ ಟೂ, ಸರ್. ಪಟ್ಟಿಯಲ್ಲೂ ಅದೇ ಉಂಟು, ನೋಡಿ."

ಅಂಬಾದಾಸರು ಕಾಗದ ಕಸಿದುಕೊಂಡರು. ಅಲ್ಲಿ ಬರೆದದ್ದು ೧೪೭. "ನಾ ಏಳನೇತ್ತೆ ತನಕಾ ಕನ್ನಡ ಸಾಲ್ಯಾಗ ಕಲತಾಂವ," ಎಂದರು ನಿಧಾನವಾಗಿ. "ಇದು ನೂರಾ ನಲವತ್ತೇಳು ಐತಿ. ನಿಮಗ ಮಾತಾಡಾಕ ಬರ್ತೈತಿ ಕುಶಲ, ಓದಾಕ ಬರಂಗಿಲ್ಲ."

ಕುಶಲನ ಮುಖದ ನಗು ಹಾಗೆಯೇ ನಿಂತಿತ್ತು, ಹಿಂತೆಗೆದುಕೊಳ್ಳಲು ಮರೆತವನಂತೆ.

ವಾರಿಜಾ ಕನ್ನಡಕವನ್ನು ಮೂಗಿಗಿಳಿಸಿದಳು. "ಪ್ರಥಮ ಅಂತ ಯಾರೂ ಇಲ್ಲ. ಕನ್ನಡದವನಿಗೆ ಬೇರೆ ಸಂಬಳ ಕೊಡುವುದೆಂತಕ್ಕೆ ಅಂತ ಜೂನ್ ತಿಂಗಳಲ್ಲಿ ಇವರೇ ಕೂತು ಟೈಪು ಮಾಡಿದ್ದಾರೆ. ಒಂದನ್ನೆಲ್ಲ ಸೊನ್ನೆ ಮಾಡಿದ್ದಾರೆ, ಏಳನ್ನೆಲ್ಲ ಎರಡು ಮಾಡಿದ್ದಾರೆ. ಪಟ್ಟಿಯಲ್ಲಿ ಹನ್ನೊಂದು ಮಕ್ಕಳ ನಂಬರಿಗೂ ಹಾಗೆ ಆಗಿದೆ. ಸುಲೋಚನಾಳ ನೂರ ಹದಿನೇಳು ಸೊನ್ನೆ ಸೊನ್ನೆ ಎರಡಾಯಿತು. ಅದು ತಪ್ಪು, ಅಪರಾಧವಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇವತ್ತು ಇಲ್ಲಿಗೆ ಬರ್ತಿರಲಿಲ್ಲ."

"ಮುಂದ ಹೇಳ್ರಿ," ಎಂದರು ಅಂಬಾದಾಸರು.

"ಜುಲೈಯಲ್ಲಿ ಕಾಯುವ ಪಟ್ಟಿಯ ಯಾರಿಗೋ ಕೊಡಿಸಲಿಕ್ಕೆ ಇವರಿಗೆ ಅವಳ ಸೀಟು ಬೇಕಾಯಿತು. ಸುಳ್ಳು ಪತ್ರ ಬರೆಸಬೇಕು. ನಿಜವಾದ ಕಾಗದ ಗೋದಾಮಿನಲ್ಲಿ ಬೀಗದೊಳಗೆ, ಅದರ ಚಿತ್ರ ತೆರೆದರೆ ತೆರೆದವರ ಹೆಸರು ದಾಖಲಾಗ್ತದೆ, ಸಂಜನಾ ಅಷ್ಟು ಭದ್ರ ಮಾಡಿಟ್ಟಿದ್ದಾಳೆ. ಪಟ್ಟಿ ಮುದ್ರಿಸಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಪಟ್ಟಿಯನ್ನೇ ಬರೆಯುವವನಿಗೆ ಕೊಟ್ಟರು. ಬರೆದವನಿಗೆ ಕನ್ನಡ ಓದಲಿಕ್ಕೆ ಬರೆಯಲಿಕ್ಕೆ ಚೆನ್ನಾಗಿ ಗೊತ್ತುಂಟು. 002 ಅಂತ ಇದ್ದದ್ದನ್ನು ನಿಯತ್ತಿನಿಂದ ೦೦೨ ಅಂತ ಬರೆದ. ಪೆಟ್ಟಿಗೆಯಲ್ಲಿ ನಿಜವಾದ ಹತ್ತು ಕಾಗದ ಪಟ್ಟಿಗೆ ತಾಳೆ ಬೀಳುವುದಿಲ್ಲ. ಸುಳ್ಳಿನದು ಮಾತ್ರ ಬೀಳ್ತದೆ."

ಅವಳು ನುಣ್ಣನೆಯ ಪತ್ರವನ್ನು ಮೇಜಿನ ನಡುವೆ ಇಟ್ಟಳು. "ಈ ಸೊನ್ನೆ ಸೊನ್ನೆ ಎರಡು ಕಲಬುರಗಿಯಲ್ಲಿ ಇಲ್ಲ, ಇವರ ಮನೆಯ ಟ್ರಂಕಿನಲ್ಲಿ ಇಲ್ಲ. ಇಡೀ ಲೋಕದಲ್ಲಿ ಅದು ಇದ್ದದ್ದು ಕುಶಲರು ಟೈಪು ಮಾಡಿದ ಪಟ್ಟಿಯಲ್ಲಿ ಮಾತ್ರ. ರೇವಣಸಿದ್ದ ಅದನ್ನು ಎಲ್ಲಿಂದ ತರುವುದು ಹೇಳಿ."

ಅಂಬಾದಾಸರು ಉಳಿದ ಒಂಬತ್ತು ಕಾಗದಗಳನ್ನೂ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಓದಿ ಮುಗಿಸಿದ ಮೇಲೆ ಕುಶಲನ ಮುಂದೆ ಅಂಗೈ ಚಾಚಿದರು. "ಮೊಬೈಲ್ ಇಲ್ಲಿಡ್ರಿ."

ಮೊಬೈಲು ಮೇಜಿಗೆ ಬಂತು. ಸೆಕ್ಯುರಿಟಿಯವರು ಬಂದರು. ಬಾಗಿಲ ಬಳಿ ಕುಶಲ ತಿರುಗಿ ನಿಂತ. ಈಗ ಅವನ ಬಾಯಲ್ಲಿ ಊರಿನ ಕನ್ನಡವಿರಲಿಲ್ಲ. "ರೀಸ್ಕ್ಯಾನ್ ಮೈನೇ ಮಾಂಗಾ. ಅಪ್ರೂವ್ ತೊ ಆಪ್ ಕೆ ಆದ್ಮೀ ನೇ ಕಿಯಾ. ಉಸ್ಕೋ ಭೀ ಪೂಛೋ."

ಕೇಳಿದ್ದು ತಾನಾದರೂ ಒಪ್ಪಿಗೆ ಕೊಟ್ಟದ್ದು ನಿಮ್ಮವರೇ, ಅವರನ್ನೂ ಕೇಳಿ ಎಂದವನನ್ನು ಹೊರಗೆ ಕರೆದೊಯ್ದ ಮೇಲೆ ಬಾಗಿಲಿಗೆ ಮತ್ತೆ ಚಿಲಕ ಬಿತ್ತು.

ಅಂಬಾದಾಸರು ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. ನೋಟಿಸು ಹಿಂದಕ್ಕೆ ಪಡೆಯಲು ಮೂರು ಕಡೆ ಒತ್ತಬೇಕಿತ್ತು; ಒಂದು ಕಡೆ ಎರಡು ಸಲ ಒತ್ತಿದರು. ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಸುಲೋಚನಾಳ ಫೋನು ಕುಯ್ ಎಂದಿತು.

ಪ್ರವೇಶ ಖಚಿತ. ಬೀಗ ಹಾಕಲಾಗಿದೆ. ಇನ್ನು ಆ ಸೀಟನ್ನು ಯಾರೂ ಮುಟ್ಟುವಂತಿಲ್ಲ.

ರೇವಣಸಿದ್ದ ಆ ಅಕ್ಷರಗಳನ್ನು ಮಗಳ ಕೈಯಿಂದ ಮೂರು ಸಲ ಓದಿಸಿಕೊಂಡ. ಆಮೇಲೆ ಗೋಡೆಯ ಆಸರೆ ಬಿಟ್ಟು ನೆಟ್ಟಗೆ ನಿಂತ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಅವ್ವಗ ಫೋನ್ ಮಾಡವಾ," ಎಂದ.

"ಇಲ್ಲಪ್ಪ. ಫೋನಿನಾಗ ಹೇಳಂಗಿಲ್ಲ. ಮುಂದ ನಿಂತು ಹೇಳ್ತೀನಿ," ಎಂದಳು ಮಗಳು. ಅಪ್ಪನ ಫೋನಿನಲ್ಲಿ ಹೇಗೂ ಚಾರ್ಜ್ ಇರಲಿಲ್ಲ.

ಅಂಬಾದಾಸರು ಅವರಿಬ್ಬರ ಕಡೆಗೆ ತಿರುಗಿದರು. ಆ ಮನುಷ್ಯನಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ; ನಿಯಮದ ಪುಸ್ತಕದಲ್ಲಿ ಅದಕ್ಕೆ ಪುಟವಿಲ್ಲ. ಅದರ ಬದಲಿಗೆ ಪೆಟ್ಟಿಗೆಯನ್ನು ಸುಲೋಚನಾಳ ಮುಂದೆ ಸರಿಸಿದರು. "ಉಳದ ಹತ್ತು ಹುಡುಗರ ನಂಬರೂ ತಪ್ಪ್ಯಾವಲ್ಲವಾ. ನಾಳಿಗೆ ಅವ್ರಿಗೂ ನೋಟಿಸ್ ಹೋಗೋದು ಬ್ಯಾಡ. ನೀ ಓದು. ಸಂಜನಾ, ನೀವು ಹೊಡೀರಿ."

ಸುಲೋಚನಾ ಎದ್ದು ನಿಂತು ಓದಿದಳು. ನೂರಾ ನಲವತ್ತೇಳು. ನಲವತ್ತೊಂದು. ಇನ್ನೂರಾ ಹದಿನೇಳು. ಹಿಂದೊಮ್ಮೆ ಗಣಿತದ ಪೇಪರಿನಲ್ಲಿ ಕಾಟು ಹೊಡೆಸಿಕೊಂಡ ಅಂಕಿಗಳನ್ನು ಅವಳು ಈಗ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು, ಯಂತ್ರ ಒಂದೊಂದನ್ನೂ ತಿದ್ದಿಕೊಳ್ಳುತ್ತಿತ್ತು. ಪ್ರತಿ ಅಂಕಿಗೂ ಸಂಜನಾ ತಲೆಯಾಡಿಸಿ "ಹೋ ಗಯಾ" ಎನ್ನುವಳು. ಹತ್ತನೆಯದಕ್ಕೆ ಅವಳು "ಆಯ್ತು" ಎಂದಳು. ಹೇಳಿದ ಮೇಲೆ ತಾನೇ ನಾಚಿ ನಕ್ಕಳು.

ವಾರಿಜಾ ಕಿಟಕಿಯ ಬಳಿ ಕುಳಿತು ಅದನ್ನೆಲ್ಲ ಕಣ್ತುಂಬ ನೋಡಿದಳು. ಇಪ್ಪತ್ತಾರು ವರ್ಷದ ಧೂಳಿಗೆ ಇವತ್ತು ಪೂರ್ತಿ ಬೆಲೆ ಬಂತು ಎಂದು ಅವಳಿಗೆ ಅನ್ನಿಸಿತು. ಕೆಳಗೆ ಇಳಿದ ಕೂಡಲೇ ಪೇಢೆ ಕೊಳ್ಳಬೇಕು, ಅರ್ಧ ಕಿಲೋ ಅಲ್ಲ, ಒಂದು ಕಿಲೋ.

"ಆ ಅಪ್ರೂವ್ ಮಾಡಿದವರು ಯಾರು?" ಎಂದು ಕೇಳಿದಳು, ಊಟದ ಕೊನೆಗೆ ಮಜ್ಜಿಗೆ ಕೇಳುವಷ್ಟು ಹಗುರವಾಗಿ.

"ಸಿರ್ಫ್ ನಂಬರ್ ಹೈ. ಚಾರ್ ಸೌ ಆಠ್. ನಾಮ್ ಕೆ ಲಿಯೇ ಸ್ಟಾಫ್ ಲಿಸ್ಟ್ ಚಾಹಿಯೇ, ಸರ್ ಕಾ ಪರ್ಮಿಷನ್."

ನಾನೂರ ಎಂಟು ಎಂಬ ನಂಬರಿನ ಹೆಸರು ತಿಳಿಯಲು ಸಂಜನಾ ಕೇಳಿದ ಸಿಬ್ಬಂದಿ ಪಟ್ಟಿಗೆ ಅಂಬಾದಾಸರು ಅನುಮತಿ ಒತ್ತಿದರು. ಹೊಸ ವ್ಯವಸ್ಥೆ ಬಂದಾಗ ಕೆಲಸದಲ್ಲಿದ್ದವರು, ಬಿಟ್ಟವರು ಎನ್ನದೆ ಎಲ್ಲರ ಹೆಸರನ್ನೂ ಸಾರಾಸಗಟಾಗಿ ಏರಿಸಿ ಹೊಸ ನಂಬರು ಕೊಟ್ಟಿದ್ದರು. ಸಂಜನಾ ಪಟ್ಟಿಯಲ್ಲಿ ಇಳಿಯುತ್ತ ಹೋದಳು, ನಿಂತಳು. ಲ್ಯಾಪ್‌ಟಾಪನ್ನು ವಾರಿಜಾಳ ಕಡೆಗೆ ತಿರುಗಿಸಿದಳು.

408. ವಾರಿಜಾ ಸಾಮಗ, ರೆಕಾರ್ಡ್ ರೂಮ್. ಖಾತೆ ಚಾಲ್ತಿಯಲ್ಲಿದೆ. ಜುಲೈಯಿಂದ ಈಚೆಗೆ ಹದಿನಾಲ್ಕು ಒಪ್ಪಿಗೆಗಳು. ಕೊನೆಯದು ಇವತ್ತು ಬೆಳಿಗ್ಗೆ 11:20.

"ನಾನಲ್ಲ," ಎಂದಳು ವಾರಿಜಾ. "ಆ ಹೊತ್ತಿಗೆ ನಾನು ಕಲ್ಯಾಣದಲ್ಲಿ ಧೂಳಿನಲ್ಲಿ ಕೂತಿದ್ದೆ, ಇವರೇ ಸಾಕ್ಷಿ."

"ಗೊತ್ತೈತಿ. ಆದ್ರ ಪ್ರತಿ ಒಪ್ಪಿಗೆಗೂ ಒಂದು ಮೊಬೈಲಿಗೆ ಆರು ಅಂಕಿ ಬರ್ತಾವ, ಅದನ್ನ ನೋಡಿ ಒಬ್ಬರು ಹೇಳಬೇಕು," ಎಂದರು ಅಂಬಾದಾಸರು. "ಅದು ಯಾರ ಮೊಬೈಲು?"

ಸಂಜನಾ ಬೆರಳಿಟ್ಟು ತೋರಿಸಿದಳು. ಕೊನೆಯ ನಾಲ್ಕು ಅಂಕಿ 4471.

ಕೆಲಸ ಬಿಟ್ಟ ದಿನ ಯಾವುದೋ ಫಾರಂ ತುಂಬುವಾಗ ವಾರಿಜಾಳ ಫೋನು ರಿಪೇರಿಗೆ ಹೋಗಿತ್ತು. ಬಾಯಿಪಾಠವಿದ್ದ ಇನ್ನೊಂದು ನಂಬರು ಬರೆದುಕೊಟ್ಟಿದ್ದಳು. ದಿನಾ ಬೆಳಿಗ್ಗೆ ಮಾಳಿಗೆಯಿಂದ ಅದೇ ನಂಬರಿಗೆ ಕರೆ ಮಾಡಿ ಅವಳು ಕಾಫಿ ತರಿಸಿಕೊಳ್ಳುತ್ತಾಳೆ.

ಚೀಲದೊಳಗೆ ಫೋನು ಮೊಳಗಿತು. ಅಣ್ಣ. ಅವಳು ಕಿವಿಗೆ ಹಿಡಿದಳು.

"ಅಣ್ಣ," ಎಂದಳು, "ನಿನ್ನ ಮೊಬೈಲಿಗೆ ಬರುವ ಆರು ಅಂಕಿಯನ್ನು ನೀನು ಯಾರಿಗೆ ಓದಿ ಹೇಳ್ತಿ?"

ಅತ್ತ ಕಡೆ ಹೋಟೆಲಿನ ಗದ್ದಲ. ಯಾರೋ ಎರಡು ಇಡ್ಲಿ ಎಂದು ಕೂಗಿದರು. ಪುಂಡರೀಕಾಕ್ಷ ಫೋನು ಹಿಡಿದು ಒಳಗೆ ಹೋದಂತೆ ಗದ್ದಲ ತಗ್ಗಿತು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಆ ಹುಡುಗಿಗೆ ಸೀಟು ಸಿಕ್ಕಿತಲ್ಲ ವಾರಿಜಾ. ಇನ್ನು ಇಲ್ಲಿಗೇ ಬಿಡು," ಎಂದು ಫೋನು ಇಟ್ಟ.

ವಾರಿಜಾ ಗಡಿಯಾರ ನೋಡಿದಳು. ಸೀಟು ಸಿಕ್ಕಿ ಒಂಬತ್ತು ನಿಮಿಷವಾಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ, ಕುಶಲನ ಮೊಬೈಲು ಮೇಜಿನ ಮೇಲೆಯೇ ಇತ್ತು, ಬಾಗಿಲಿನ ಚಿಲಕ ಹಾಕಿದಂತೆಯೇ ಇತ್ತು; ಅಣ್ಣನಿಗೆ ಸುದ್ದಿ ಹೋದದ್ದು ಈ ಕೋಣೆಯಿಂದಲೇ.

ಅವಳು ನಿಧಾನವಾಗಿ ತಲೆಯೆತ್ತಿ ಕೋಣೆಯಲ್ಲಿದ್ದ ನಾಲ್ವರ ಮುಖಗಳನ್ನೂ ಒಂದೊಂದಾಗಿ ನೋಡಿದಳು.